ಫೀ, ಮಾಫಿ

ಆಗೆಲ್ಲ ಕತಾರ್ ಎಂದರೆ ನಮ್ಮ ಪಾಣೆಮಂಗಳೂರಿನ ಮಕ್ಕಳಿಗೆ ಒಂದು ವಾಸನೆ. ಊರಿಗೆ ಬಂದವರ ಪೆಟ್ಟಿಗೆಯ ಹಗ್ಗ ಕತ್ತರಿಸಿದ ಕೂಡಲೇ ಅತ್ತರು, ಸೋಪು, ಹಾಲಿನ ಪುಡಿ ಮೂರೂ ಸೇರಿ ಮೂಗಿಗೆ ಹೊಡೆಯುತ್ತಿತ್ತಲ್ಲ, ಅದು. ಪೆಟ್ಟಿಗೆಯ ಸುತ್ತ ಕುಕ್ಕರುಗಾಲಿನಲ್ಲಿ ಕೂತವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ, ನನಗೆ ಗೊತ್ತು. ಆ ವಾಸನೆ ಹುಟ್ಟುವ ಊರನ್ನು ನೋಡಲು ನಾನು ಒಂಬತ್ತನೇ ವಯಸ್ಸಿನಲ್ಲಿ ಉಮ್ಮನ ಕೈ ಹಿಡಿದು ಹೊರಟೆ. ದೋಹಾದಲ್ಲಿ ಇಳಿದು, ಹಂಝಾಕನ ಪಿಕಪ್ಪಿನಲ್ಲಿ ಒಂದೂವರೆ ಗಂಟೆ ಉತ್ತರಕ್ಕೆ ಹೋಗಿ, ಅಲ್ ಶಮಾಲಿಗಿಂತ ಸ್ವಲ್ಪ ಈಚೆ ಒಂದು ತೋಟದ ಗೇಟಿನಲ್ಲಿ ನಿಂತಾಗ ಅತ್ತರೂ ಇಲ್ಲ, ಸೋಪೂ ಇಲ್ಲ. ಡೀಸೆಲ್ಲು, ಆಡಿನ ಹಿಕ್ಕೆ, ಮತ್ತೆ ಎಲ್ಲಿಂದಲೋ ಕೊಳೆತ ಜೊಂಡಿನ ತಂಪು ವಾಸನೆ.

“ಇದೆಂಥ ನಾತ?” ಎಂದೆ.

“ನಾತ ಅಲ್ಲ ಮೋಳೇ, ಅದು ನೀರು,” ಎಂದರು ಉಪ್ಪ.

ಮನೆಯಲ್ಲಿ ನಮ್ಮದು ಬ್ಯಾರಿ ಮಾತು. ಮಗಳಿಗೆ ಮೋಳೇ ಎನ್ನುವುದು, ತಂದೆ ತಾಯಿಗೆ ಉಪ್ಪ ಉಮ್ಮ ಎನ್ನುವುದು. ಉಳಿದದ್ದನ್ನೆಲ್ಲ ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ.

ಉಪ್ಪ ಆ ತೋಟದ ಪಂಪು ನೋಡಿಕೊಳ್ಳುತ್ತಿದ್ದರು. ಬೋರಿನ ನೀರು ಎತ್ತಿ ಖರ್ಜೂರದ ಮರಗಳಿಗೆ, ಒಂಟೆ ಆಡುಗಳ ಮೇವಿಗೆ ಬೆಳೆಯುವ ಕುದುರೆಮಸಾಲೆ ಸೊಪ್ಪಿಗೆ ಬಿಡುವುದು ಅವರ ಕೆಲಸ. ಹೆಚ್ಚಾದ ನೀರು ಒಂದು ದಪ್ಪ ಪೈಪಿನಲ್ಲಿ ತೋಟದ ಹಿಂದಿನ ತಗ್ಗಿಗೆ ಬೀಳುತ್ತಿತ್ತು. ವರ್ಷಗಟ್ಟಲೆ ಬಿದ್ದು ಬಿದ್ದು ಅಲ್ಲೊಂದು ಕೆರೆಯೇ ಆಗಿತ್ತು. ನಡುವೆ ಒಂದು ಮಣ್ಣಿನ ದಿಬ್ಬ, ಸುತ್ತ ಆಳೆತ್ತರದ ಜೊಂಡು. ಉಪ್ಪ ಅದನ್ನು ಕೆರೆ ಎಂದರೆ ಉಮ್ಮ ಒಪ್ಪುತ್ತಿರಲಿಲ್ಲ.

“ಕೆರೆ ಅಂದರೆ ಮೆಟ್ಟಿಲು ಬೇಡವಾ? ಒಂದು ಕಪ್ಪೆಯಾದರೂ ಬೇಡವಾ?”

“ಕಪ್ಪೆಗೆ ವೀಸಾ ಆಗಲಿಲ್ಲ,” ಎಂದರು ಹಂಝಾಕ. ಕಾಸರಗೋಡಿನವರು, ತೋಟದ ಪಿಕಪ್ ಓಡಿಸುವವರು. ಉಪ್ಪನಿಗೆ ಆ ಬಯಲಿನಲ್ಲಿ ಮಾತಿಗೆ ಇದ್ದ ಒಬ್ಬರೇ ಜೊತೆ.

ನಮಗೆ ವೀಸಾ ಆದದ್ದೇ ದೊಡ್ಡದು. ಪಂಪು ನೋಡುವವನ ಹೆಂಡತಿ ಮಗಳಿಗೆ ಯಾರು ಕೊಡುತ್ತಾರೆ? ಆ ಬೇಸಿಗೆಯಲ್ಲಿ ಪಂಪು ಕೆಟ್ಟು ಮರಗಳು ಸಾಯುವ ಹಾಗಾದಾಗ ಉಪ್ಪ ಎರಡು ದಿನ ನೆಲಕ್ಕೆ ಬೆನ್ನು ಹಾಕದೆ ರಿಪೇರಿ ಮಾಡಿದ್ದರಂತೆ. ತೋಟದ ಧಣಿ, ಎಲ್ಲರ ಬಾಯಲ್ಲಿ ಅರ್ಬಾಬ್, “ಏನು ಬೇಕು ಕೇಳು” ಎಂದರಂತೆ. ನಾನಾಗಿದ್ದರೆ ಸಂಬಳ ಜಾಸ್ತಿ ಕೇಳುತ್ತಿದ್ದೆ. ಉಪ್ಪ ನಮ್ಮನ್ನು ಕೇಳಿದರು, ಎರಡು ತಿಂಗಳಿಗೆ.

ನಾವು ಬಂದದ್ದು ನವೆಂಬರ್ ಶುರುವಿಗೆ. ಆ ದೇಶದಲ್ಲಿ ಮಳೆಗಾಲ ಎಂಬುದಿಲ್ಲ, ಬೇಸಿಗೆ ಸಾಯುವ ಕಾಲ ಒಂದಿದೆ. ಅರಬರು ಅದನ್ನು ವಸ್ಮ್ ಎನ್ನುತ್ತಾರೆ. ಆರೇಳು ತಿಂಗಳು ಬಾಣಲೆಯ ಹಾಗೆ ಕಾದ ಮರಳಿನ ಮೇಲೆ ಒಂದು ಸಂಜೆ ಹತ್ತು ನಿಮಿಷ ಮಳೆ ಬಿತ್ತು. ನಮ್ಮ ಊರಿನ ಲೆಕ್ಕದಲ್ಲಿ ಅದು ಒಗೆದ ಬಟ್ಟೆ ಒಳಗೆ ತರುವಷ್ಟೂ ಅಲ್ಲ. ಆದರೆ ಹಂಝಾಕ ಅಂಗಿ ಬಿಚ್ಚಿ ಅಂಗಳದಲ್ಲಿ ನಿಂತರು, ಉಪ್ಪ ಎರಡು ಕೈ ಚಾಚಿ ನಿಂತರು. ಮಾರನೇ ದಿನದಿಂದ ಗಾಳಿ ತಣ್ಣಗಾಯಿತು. ಬೆಳಗಿನ ಹೊತ್ತು ಉಮ್ಮ ನನ್ನ ತಲೆಗೆ ಶಾಲು ಸುತ್ತಿ ಕಳಿಸುತ್ತಿದ್ದರು. ವಾರ ಕಳೆಯುವುದರೊಳಗೆ ಏನೂ ಇಲ್ಲದ ನೆಲದಿಂದ ಸೂಜಿಯಷ್ಟು ಸೂಜಿಯಷ್ಟು ಹಸಿರು ಎದ್ದಿತು.

ಮತ್ತೆ ಹಕ್ಕಿಗಳು. ಮೊದಲು ಹಣೆಗೆ ಸುಣ್ಣ ಬಳಿದುಕೊಂಡಂಥ ಕರಿಕೋಳಿಗಳು. ಆಮೇಲೆ ಕೆಂಪು ಕಡ್ಡಿಯಂಥ ಕಾಲಿನವು, ಬಾಲ ಕುಣಿಸುತ್ತ ಓಡುವ ಪುಟಾಣಿಗಳು. ಬೂದು ಬಕಗಳು ಜೊಂಡಿನ ಪಕ್ಕದಲ್ಲಿ, ಮಸೀದಿ ಜಗಲಿಯ ಮುದುಕರ ಹಾಗೆ, ಕತ್ತು ಒಳಗೆಳೆದುಕೊಂಡು ನಿಲ್ಲುತ್ತಿದ್ದವು. ಬಿಸಿಲೇರಿದ ಮೇಲೆ ನೀರಿನ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು. ನಾನು ಪೈಪಿನ ಬಾಯಿಯ ಹತ್ತಿರ ಕೂತು ಖರ್ಜೂರದ ಬೀಜಗಳಲ್ಲಿ ಒಬ್ಬಳೇ ಕಲ್ಲಾಟ ಆಡುತ್ತಿದ್ದೆ. ನನ್ನ ಎದುರಾಳಿಯ ಆಟವನ್ನೂ ನಾನೇ ಆಡಿ, ಅವಳಿಗೆ ಮೋಸ ಮಾಡುತ್ತಿದ್ದೆ. ಉಮ್ಮ ಬೆಳಿಗ್ಗೆ ಪತ್ತಿರ್ ತಟ್ಟಿ, ಊರಿನಿಂದ ತಂದ ಒಣ ಸಿಗಡಿ ಚಟ್ನಿ ಸವರಿ, ಸುತ್ತಿ ಕೈಗೆ ಕೊಡುತ್ತಿದ್ದರು. ಆ ಅಕ್ಕಿ ರೊಟ್ಟಿಯ ಬಿಸಿ, ಜೊಂಡಿನ ತಂಪು, ದೂರದಲ್ಲಿ ಪಂಪಿನ ಡುಗುಡುಗು, ಹತ್ತಿರದಲ್ಲಿ ನೀರು ಬೀಳುವ ಸದ್ದು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ನೀರಿನ ಸದ್ದೇ.

ಆ ಕೆರೆಯ ನಡುವಿನ ದಿಬ್ಬದಲ್ಲಿ ಸೌಟು ಇತ್ತು.

ಅದು ರಾಜಹಂಸ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಉದ್ದ ಕಾಲು, ಅದಕ್ಕಿಂತ ಉದ್ದ ಕತ್ತು, ತುದಿಯಲ್ಲಿ ಬಗ್ಗಿದ ಕೊಕ್ಕು. ತಲೆ ಕೆಳಗೆ ಮಾಡಿ ನೀರನ್ನು ಕೆರೆಯುವಾಗ ಪಾತ್ರೆಯ ತಳದಲ್ಲಿ ಸೌಟು ಆಡಿಸಿದ ಹಾಗೆ ಕಾಣುತ್ತಿತ್ತು. ಅದಕ್ಕೆ ಉಪ್ಪ ಇಟ್ಟ ಹೆಸರು ಅದು. ಬಣ್ಣ ಕೆಂಪೂ ಅಲ್ಲ ಬಿಳಿಯೂ ಅಲ್ಲ, ಮೀನು ತೊಳೆದ ಮೂರನೆಯ ನೀರಿನ ಬಣ್ಣ. ಹಿಂದಿನ ಚಳಿಗಾಲದಲ್ಲಿ ಕರೆಂಟಿನ ತಂತಿಗೆ ಬಡಿದು ಅದರ ಎಡ ರೆಕ್ಕೆ ಮುರಿದಿತ್ತು. ಜೊತೆಯವು ಹಾರಿಹೋದವು, ಇದು ಉಳಿಯಿತು. ಬೇಸಿಗೆಯಲ್ಲಿ ಕೆರೆ ಬತ್ತಿ ದಿಬ್ಬಕ್ಕೂ ದಡಕ್ಕೂ ದಾರಿಯಾಗುವ ಹೊತ್ತಿಗೆ ಉಪ್ಪ ದಿನಾ ಬೆಳಿಗ್ಗೆ ಒಂದು ಗಂಟೆ ಹೆಚ್ಚು ಪಂಪು ಓಡಿಸಲು ಶುರು ಮಾಡಿದರು. ಯಾರ ಅಪ್ಪಣೆಯೂ ಇಲ್ಲದೆ.

ದಡದ ಕೆಸರಿನಲ್ಲಿ ಸಣ್ಣ ಸಣ್ಣ ಹೆಜ್ಜೆ ತೋರಿಸಿ ಹೇಳಿದ್ದರು: “ನರಿ. ಪ್ರತಿ ಬೆಳಿಗ್ಗೆ ಬಂದು ನೋಡಿ ಹೋಗ್ತದೆ. ನೀರಿರುವ ತನಕ ಅದು ದಿಬ್ಬಕ್ಕೆ ದಾಟುವುದಿಲ್ಲ.”

“ನೀರು ಹೋದರೆ?”

“ನೀರು ಯಾಕೆ ಹೋಗ್ತದೆ? ನಾನಿಲ್ಲವಾ?”

ಒಂದು ಮಧ್ಯಾಹ್ನ ಉತ್ತರದ ಕಡೆಯಿಂದ ಆಕಾಶದಲ್ಲಿ ಒಂದು ಗೆರೆ ಕಂಡಿತು. ಗೆರೆ ಹತ್ತಿರವಾಗಿ ಕತ್ತುಗಳಾಯಿತು, ಕಾಲುಗಳಾಯಿತು. ಮೂವತ್ತು ನಲವತ್ತು ಸೌಟುಗಳು ಒಟ್ಟಿಗೆ ಇಳಿದವು. ನಮ್ಮ ಸೌಟು ಹುಚ್ಚು ಹಿಡಿದಂತೆ ನೀರಿನ ಮೇಲೆ ಓಡಿತು. ಒಂದು ರೆಕ್ಕೆ ಪೂರ್ತಿ ಬಿಚ್ಚಿ, ಇನ್ನೊಂದನ್ನು ಮುರಿದ ಕೊಡೆಯ ಹಾಗೆ ಜೋತಾಡಿಸಿಕೊಂಡು, ಬಾತುಗಳ ಹಾಗೆ ಕಿರಿಚುತ್ತ. ಉಪ್ಪ ಪಂಪಿನ ಹತ್ತಿರದಿಂದ ಓಡಿ ಬಂದರು, ಕೈಯಲ್ಲಿ ಸ್ಪ್ಯಾನರ್. “ಬಂದ್ರು! ಝೈನು, ಅದರ ಮನೆಯವರು ಬಂದ್ರು!” ಎಂದು ನನ್ನನ್ನು ಕೂಗಿದರು. ನಾವು ವಿಮಾನದಿಂದ ಇಳಿದ ದಿನವೂ ಅವರ ಮುಖ ಹಾಗೆ ಅರಳಿರಲಿಲ್ಲ. ಉಮ್ಮ ಅದನ್ನು ಬಹಳ ದಿನ ಹೇಳಿ ನಗೆಯಾಡಿದರು.

ಅದಾಗಿ ನಾಲ್ಕು ದಿನಕ್ಕೆ ಹಂಝಾಕ ಸುದ್ದಿ ತಂದರು. ತೋಟದ ಮ್ಯಾನೇಜರ್, ಮುದೀರ್ ಅನ್ನುತ್ತಾರೆ ಅವರನ್ನು, ಹಿಂದಿನ ಪೈಪು ಮುಚ್ಚಿ ಆ ನೀರನ್ನು ಹೊಸ ಮೇವಿನ ಗದ್ದೆಗೆ ತಿರುಗಿಸಬೇಕು ಎನ್ನುತ್ತಿದ್ದಾರೆ. ಅರ್ಬಾಬ್ ಬಂದು ನೋಡಿ ತೀರ್ಮಾನ ಹೇಳುತ್ತಾರಂತೆ.

ಉಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ನನಗೆ ಹೇಳಿದರು: “ಅರ್ಬಾಬ್ ಬಂದರೆ ಹಕ್ಕಿಯ ಸುದ್ದಿ ಎತ್ತಬೇಡ. ಹಕ್ಕಿ ಅಂದರೆ ನೀರಿನ ಮಾತು ಬರ್ತದೆ. ಇಷ್ಟು ನೀರು ಯಾರು ಬಿಟ್ಟದ್ದು ಅಂತ ಕೇಳ್ತಾರೆ.”

ಈಗ ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊರಿನ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿದ್ದಾಗ ಉಮ್ಮ ನನ್ನನ್ನು ಹೆಡ್‌ಮಾಸ್ತರರ ಕೋಣೆಗೆ ಒಬ್ಬಳನ್ನೇ ಕಳಿಸಿದ್ದರು. ಹೇಳಿಕೊಟ್ಟದ್ದು ನಾಲ್ಕು ಮಾತು: “ಫೀ ಮಾಫಿ ಮಾಡಿ ಸಾರ್.” ಮಾಸ್ತರು ನಕ್ಕುಬಿಟ್ಟರು. “ಫೀ ಬೇಕಾ, ಮಾಫಿ ಬೇಕಾ?” ಎಂದರು. “ಮಾಫಿ,” ಎಂದೆ. “ಆಯ್ತು ಹೋಗು.” ನನ್ನ ಬದುಕಿನ ಮೊದಲ ಚೌಕಾಸಿ ಅದು, ಗೆದ್ದದ್ದು. ಆ ಎರಡು ಶಬ್ದಕ್ಕೆ ಬಾಗಿಲು ತೆರೆಯುವ ಶಕ್ತಿ ಇದೆ ಎಂದು ಆವತ್ತಿನಿಂದ ನಂಬಿದ್ದೆ.

ಅರಬಿ ನನಗೆ ಬರುತ್ತಿರಲಿಲ್ಲ. ಬಂದು ಎರಡೇ ವಾರ ಆಗಿತ್ತು, ಯಲ್ಲಾ ಎಂದರೆ ನಡೆ, ಖಲಾಸ್ ಎಂದರೆ ಮುಗಿಯಿತು, ಎರಡೇ ಕಲಿತದ್ದು. ಹಂಝಾಕ ದಿನಕ್ಕೆ ನೂರು ಸಲ ಮಾಫಿ ಎನ್ನುತ್ತಿದ್ದರು. ಉಮ್ಮ “ಟೊಮೆಟೊ ತಂದಿರಾ?” ಎಂದರೆ ಮಾಫಿ. “ಊರಿನಿಂದ ಕಾಗದ ಬಂತಾ?” ಎಂದರೆ ಮಾಫಿ. ಏನು ವಿನಯದ ಮನುಷ್ಯ, ಇಷ್ಟು ಸಣ್ಣದಕ್ಕೆಲ್ಲ ಕ್ಷಮೆ ಕೇಳುತ್ತಾರಲ್ಲ ಎಂದುಕೊಂಡಿದ್ದೆ.

ಅರ್ಬಾಬ್ ಬಂದ ದಿನ ಬೆಳಿಗ್ಗೆ ಮಂಜು. ಆ ಊರಿನ ಮಂಜು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಸಮುದ್ರ ಎರಡೂ ಕಡೆಯಿಂದ ಎದ್ದು ಬಂದು ನೆಲದ ಮೇಲೆ ಮಲಗಿದ ಹಾಗೆ. ಖರ್ಜೂರದ ಮರಗಳು ಹತ್ತು ಹೆಜ್ಜೆಗೇ ಬೂದಿಯಾಗಿದ್ದವು, ಕೆರೆ ಇದ್ದ ಜಾಗದಲ್ಲಿ ಬರೀ ಬಿಳಿ. ಮಂಜಿನಲ್ಲಿ ಹಕ್ಕಿಗಳು ಬಾಯಿ ಬಿಡುವುದಿಲ್ಲ, ನಿಂತಲ್ಲೇ ನಿಂತು ಕಾಯುತ್ತವೆ. ಉಪ್ಪ ಮತ್ತು ಹಂಝಾಕ ಪಂಪಿನ ಯಾವುದೋ ಭಾಗ ತರಲು ಬೆಳಗಾಗುತ್ತಲೇ ದೋಹಾಕ್ಕೆ ಹೋಗಿದ್ದರು. ನಾನು ಪೈಪಿನ ಹತ್ತಿರ ಇದ್ದೆ.

ಬಿಳಿಯೊಳಗಿನಿಂದ ಬಿಳಿ ಕಾರು ಬಂತು. ಮುದೀರ್ ಅದರ ಪಕ್ಕದಲ್ಲೇ ನಿಂತರು. ಇಳಿದು ನನ್ನ ಹತ್ತಿರ ಬಂದವರು ಎತ್ತರದ ಮುದುಕರು, ಬಿಳಿ ನಿಲುವಂಗಿ, ಕೈಯಲ್ಲಿ ಕೋಲು, ಆ ಮಂಜಿನಲ್ಲೂ ಕಪ್ಪು ಕನ್ನಡಕ. ಉಮ್ಮ ಕೋಣೆಯ ಪರದೆಯ ಹಿಂದೆ ಇದ್ದರು, ಹೊರಗೆ ಬರುವ ಹಾಗಿಲ್ಲ. ಅರ್ಬಾಬ್ ಕೋಲನ್ನು ಕೆರೆಯ ಕಡೆಗೆ ಚಾಚಿ ಗಟ್ಟಿ ದನಿಯಲ್ಲಿ ಕೇಳಿದರು:

“ಫೀ ತೇರ್?”

ತೇರು ಯಾವುದೆಂದು ತಿಳಿಯಲಿಲ್ಲ, ಫೀ ಮಾತ್ರ ತಿಳಿಯಿತು. ಸಿಕ್ಕಿಬಿದ್ದೆವು. ಕದ್ದು ಬಿಟ್ಟ ನೀರಿಗೆ ಫೀ ಕೇಳುತ್ತಿದ್ದಾರೆ.

ಅವರು ಸ್ವಲ್ಪ ಬಗ್ಗಿದರು. ಈ ಸಲ ದನಿ ಮೆತ್ತಗಿತ್ತು. “ಫೀ? ವಲ್ಲ ಮಾಫಿ?”

ಫೀ ಬೇಕಾ, ಮಾಫಿ ಬೇಕಾ? ಅದೇ ಪ್ರಶ್ನೆ! ಹೆಡ್‌ಮಾಸ್ತರರ ಕೋಣೆಯೇ ಎದ್ದು ಇಲ್ಲಿಗೆ ಬಂದ ಹಾಗಾಯಿತು. ಇಷ್ಟು ಸಲೀಸಾದ ಚೌಕಾಸಿಯಲ್ಲಿ ಯಾವ ಮೂರ್ಖಳು ಫೀ ಕೊಡುತ್ತೇನೆ ಎನ್ನುತ್ತಾಳೆ? ಎರಡೂ ಕೈ ಜೋಡಿಸಿದೆ.

“ಮಾಫಿ!”

“ಮಾಫಿ?”

“ಮಾಫಿ, ಮಾಫಿ!” ಎಂದೆ, ಗಟ್ಟಿಯಾಗಿ, ಅನುಮಾನ ಉಳಿಯದ ಹಾಗೆ.

ಅವರು ಸ್ವಲ್ಪ ಹೊತ್ತು ಆ ಬಿಳಿಯ ಕಡೆ ಕಿವಿ ಕೊಟ್ಟು ನಿಂತರು. ನೀರು ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. “ಖಲಾಸ್,” ಎಂದು ಕೋಲು ಇಳಿಸಿದರು. ಜೇಬಿನಿಂದ ಕಾಗದದಲ್ಲಿ ಸುತ್ತಿದ ಮೂರು ಖರ್ಜೂರ ತೆಗೆದು ನನ್ನ ಕೈಗಿಟ್ಟು, ತಲೆ ಸವರಿ, ಮಂಜಿನೊಳಗೆ ಹೋದರು.

ಇಲ್ಲಿ ಒಂದು ಬುದ್ಧಿಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಚೌಕಾಸಿಯಲ್ಲಿ ಎದುರಿನವರು ತೀರಾ ಬೇಗ ಒಪ್ಪಿದರೆ ಖುಷಿ ಪಡಬೇಡಿ. ಅವರಿಗೆ ಬೇರೆ ಏನೋ ಕೇಳಿಸಿದೆ.

ನಾನು ಓಡ ಓಡುತ್ತ ಹೋಗಿ ಉಮ್ಮನ ಕೊರಳಿಗೆ ಬಿದ್ದೆ. “ಕೆರೆಗೆ ಫೀ ಕೇಳಿದರು. ನಾನು ಮಾಫಿ ಮಾಡಿಸಿದೆ!” ಉಮ್ಮ ನನ್ನ ಹಣೆಗೆ ಮುತ್ತು ಕೊಟ್ಟು, ಡಬ್ಬಿಯ ತಳದಲ್ಲಿ ಉಳಿದಿದ್ದ ತುಪ್ಪ ಹಾಕಿ ಪತ್ತಿರ್ ಮಾಡಿದರು. ಅದನ್ನು ಬಾಯಿಗಿಡುವ ಹೊತ್ತಿಗೆ ನನಗೆ ಏನೋ ತಪ್ಪಿದ ಹಾಗೆ ಅನಿಸಿತು. ಏನೆಂದು ತಿಳಿಯಲಿಲ್ಲ. ಉಮ್ಮನೇ ಹೇಳಿದರು: “ನೀರಿನ ಸದ್ದು ಎಲ್ಲಿ?”

ಮುದೀರ್ ಹೋಗುವ ಮೊದಲು ತಾವೇ ನಿಂತು ಪೈಪಿನ ಗೇಟು ತಿರುಗಿಸಿ ಬೀಗ ಹಾಕಿದ್ದರು.

ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂತು. ನಲವತ್ತು ಸೌಟುಗಳೂ ಕೆರೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ, ತಲೆ ಕೆಳಗೆ ಮಾಡಿ ನೀರು ಕೆರೆಯುತ್ತಿದ್ದವು. ಉಪ್ಪ ಮತ್ತು ಹಂಝಾಕ ಬಂದರು. ನಾನು ನನ್ನ ಸಾಹಸವನ್ನು ಮೊದಲಿನಿಂದ ಹೇಳಿದೆ, ಅರ್ಬಾಬರ ದನಿಯಲ್ಲೇ. ಹಂಝಾಕ ನಗಲು ಶುರು ಮಾಡಿದವರು ನಡುವೆಯೇ ನಿಲ್ಲಿಸಿದರು.

“ಮೋಳೇ, ಫೀ ಅಂದರೆ ಉಂಟು. ಮಾಫಿ ಅಂದರೆ ಇಲ್ಲ. ತೇರ್ ಅಂದರೆ ಹಕ್ಕಿ.” ಅವರು ಉಪ್ಪನ ಕಡೆ ತಿರುಗಿದರು. “ತೋಟದ ಗೇಟಿನ ಹತ್ತಿರ ಮುದೀರ್ ಹೇಳಿದ್ದು ಈಗ ತಿಳಿಯಿತು. ಹಕ್ಕಿ ಇದ್ದರೆ ನೀರು ಹಾಗೇ ಬಿಡು, ಇಲ್ಲದಿದ್ದರೆ ಮುಚ್ಚು ಅಂದಿದ್ದರಂತೆ ಅರ್ಬಾಬ್. ಅವರಿಗೆ ಕಣ್ಣು ಮಂಜು. ಅಲ್ಲೇ ಇರುವ ಹುಡುಗಿಯನ್ನೇ ಕೇಳುತ್ತೇನೆ ಅಂತ ಇಳಿದರಂತೆ.”

ಉಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಹೊತ್ತುಕೊಂಡು ತಿರುಗಬೇಕಾಗಿರಲಿಲ್ಲ. ನೇರ ಮುದೀರರ ಆಫೀಸಿಗೆ ಹೋದರು. ನಾನು ಹಿಂದೆಯೇ ಹೋಗಿ ಹೊರಗಿನ ಕಿಟಕಿಯ ಕೆಳಗೆ ನಿಂತೆ. ಮಾತು ಹಿಂದಿಯಲ್ಲಿತ್ತು, ಊರಿನ ಮದ್ರಸದ ಉಸ್ತಾದರ ಉರ್ದುವಿನಿಂದ ಅಷ್ಟು ನನಗೆ ತಿಳಿಯುತ್ತಿತ್ತು.

“ಹಕ್ಕಿ ಉಂಟು ಅಂತ ಅರ್ಬಾಬ್‌ಗೆ ಒಂದು ಫೋನ್ ಮಾಡಿ,” ಎಂದರು ಉಪ್ಪ.

“ಅವರು ಇವತ್ತು ವಿಮಾನಕ್ಕೆ ಹೊರಟರು. ಕಣ್ಣಿನ ಆಪರೇಷನ್. ಬಂದ ಮೇಲೆ ನೀನೇ ಹೇಳು. ಆಗ ನಾನೂ ಹೇಳುತ್ತೇನೆ, ಬೇಸಿಗೆಯಿಂದ ದಿನಾ ಒಂದು ಗಂಟೆ ಪಂಪು ಯಾರಿಗಾಗಿ ಓಡಿತು ಅಂತ. ನಿನ್ನ ವೀಸಾ ಜನವರಿಗೆ ಮುಗಿಯುತ್ತದಲ್ಲ?”

ಉಪ್ಪ ಹೊರಗೆ ಬಂದಾಗ ನನ್ನನ್ನು ನೋಡಿಯೂ ನೋಡದವರ ಹಾಗೆ ನಡೆದರು. ನಾನು ಈಗ ನಾಲ್ಕು ಜನರ ಜೊತೆ ವ್ಯವಹಾರ ಮಾಡುವವಳು, ಆವತ್ತು ಅವರು ಯಾವುದನ್ನು ಯಾವುದರ ಜೊತೆ ತೂಗಿದರು ಎಂದು ನನಗೆ ಗೊತ್ತು. ಆ ಜಾಗದಲ್ಲಿ ನಾನಿದ್ದರೂ ಸುಮ್ಮನೇ ಬರುತ್ತಿದ್ದೆ.

ಮರಳು ನೀರನ್ನು ಎಷ್ಟು ಬೇಗ ಕುಡಿಯುತ್ತದೆ ಎಂದು ಆಗ ನೋಡಿದೆ. ಮೊದಲು ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಮಾರನೇ ದಿನ ಅದರ ಒಳಗೆ ಇನ್ನೊಂದು. ಜೊಂಡಿನ ಬುಡ ಮೇಲೆ ಬಂದು ಕಪ್ಪಾಯಿತು. ಪುಟ್ಟ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಕಗಳಿಗೆ ಎರಡು ದಿನ ಹಬ್ಬ, ಆಮೇಲೆ ಅವೂ ಎದ್ದು ಹೋದವು. ಬಾಲ ಕುಣಿಸುವವು, ಕಡ್ಡಿ ಕಾಲಿನವು, ಸುಣ್ಣದ ಹಣೆಯವು, ಒಂದೊಂದು ಬೆಳಿಗ್ಗೆ ಒಂದೊಂದು ಮನೆಯವರು ಖಾಲಿ ಮಾಡಿದ ಹಾಗೆ.

ಡಿಸೆಂಬರಿನ ಒಂದು ಬೆಳಿಗ್ಗೆ ನಲವತ್ತು ಸೌಟುಗಳು ಒಟ್ಟಿಗೆ ಓಡಿ ಎದ್ದವು. ನಮ್ಮದೂ ಓಡಿತು. ನೀರು ಮುಗಿದು ಕೆಸರು ಬರುವ ತನಕ ಓಡಿತು, ಕೆಸರಿನಲ್ಲೂ ಓಡಿತು. ಅವು ಕೆರೆಯ ಮೇಲೆ ಒಂದು ಸುತ್ತು ಹಾಕಿ ಗೆರೆಯಾಗಿ ಹೋದವು. ಅದು ಆ ದಿನವಿಡೀ ಆ ದಿಕ್ಕಿಗೆ ಮುಖ ಮಾಡಿ ನಿಂತಿತ್ತು.

ನಾನು ತುಪ್ಪದ ಎರಡು ಡಬ್ಬಿಗಳಲ್ಲಿ ನಲ್ಲಿ ನೀರು ಹೊತ್ತು ದಿಬ್ಬದ ಸುತ್ತಲಿನ ಗುಂಡಿಗೆ ಸುರಿಯಲು ಶುರು ಮಾಡಿದೆ. ಎರಡನೇ ದಿನ ಉಮ್ಮ ಬುರ್ಖಾ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಕೆಟ್ ಹಿಡಿದು ನನ್ನ ಹಿಂದೆ ಬಂದರು. ಕೆಸರಿನಲ್ಲಿ ಮಂಡಿಯವರೆಗೆ ಹೂತು, “ಮೆಟ್ಟಿಲಿಲ್ಲದ ಕೆರೆ ಕೆರೆಯಲ್ಲ ಅಂತ ನಾನು ಮೊದಲೇ ಹೇಳಿದ್ದೆ,” ಎಂದು ಗೊಣಗುತ್ತ. ಮೂರನೇ ದಿನ ಉಪ್ಪನೂ ಕೆಲಸಕ್ಕೆ ಹೋಗುವ ಮುಂಚೆ ಒಂದು ಡ್ರಮ್ಮನ್ನು ಉರುಳಿಸಿಕೊಂಡು ಬಂದರು. ಮೂವರೂ ಸುರಿದದ್ದು ಮಧ್ಯಾಹ್ನಕ್ಕೆ ಅರ್ಧವಾಗುತ್ತಿತ್ತು. ನಾವು ಹತ್ತಿರ ಹೋದರೆ ಸೌಟು ಹೆದರಿ ಆಚೆ ಸರಿಯುತ್ತಿತ್ತು. ಯಾರಿಗಾಗಿ ಹೊರುತ್ತಿದ್ದೇವೆ ಎಂದು ಅದಕ್ಕೇನು ಗೊತ್ತು?

ನಾನು ಆ ಹೊತ್ತಿಗೆ ಪಾಠ ಒಪ್ಪಿಸುವ ಹಾಗೆ ಕಲಿತಿದ್ದೆ. ಫೀ ತೇರ್. ಫೀ ತೇರ್. ಡಬ್ಬಿ ಹೊರುವಾಗಲೂ ಬಾಯಲ್ಲಿ ಅದೇ. ಅರ್ಬಾಬ್ ಬಂದರೆ ಸಾಕು.

ನಮ್ಮ ವಿಮಾನಕ್ಕೆ ಮೂರು ದಿನ ಇದ್ದಾಗ, ಒಂದು ಶುಕ್ರವಾರ ಬೆಳಿಗ್ಗೆ ಅವರು ಬಂದರು. ಕಪ್ಪು ಕನ್ನಡಕ ಇರಲಿಲ್ಲ. ಯಾರೂ ತಡೆಯುವ ಮೊದಲೇ ನಾನು ಹೋಗಿ ಎದುರು ನಿಂತೆ.

“ಅರ್ಬಾಬ್! ಫೀ ತೇರ್! ಫೀ!”

ಪಂಪಿನ ಬಾಗಿಲಲ್ಲಿ ಉಪ್ಪನ ಮುಖ ಬೆಳ್ಳಗಾಯಿತು. ಮುದೀರ್ ಮುಂದೆ ಬಂದರು. ಅರ್ಬಾಬ್ ಕೈಯೆತ್ತಿ ಅವರನ್ನು ನಿಲ್ಲಿಸಿ, ನನ್ನನ್ನು ನೋಡಿದರು. “ಫೀ?”

“ಫೀ!”

ಅವರು ನನ್ನ ಕೈ ಹಿಡಿದುಕೊಂಡರು. ಮುದುಕರ ಕೈ, ಒಣಗಿ ಬೆಚ್ಚಗಿತ್ತು. ನಡೆಯುತ್ತ ಏನೇನೋ ಹೇಳಿದರು, ಹಿಂದೆ ಬರುತ್ತಿದ್ದ ಹಂಝಾಕ ತುಂಡು ತುಂಡಾಗಿ ತಿಳಿಸಿದರು: ಚಿಕ್ಕವರಿದ್ದಾಗ ಅಪ್ಪನ ದೋಣಿಯಲ್ಲಿ ಕೂತು ಈ ಹಕ್ಕಿಗಳನ್ನು ನೋಡುತ್ತಿದ್ದರಂತೆ, ಸಮುದ್ರದ ಮೇಲೆ, ಸಾಲು ಸಾಲು. ಕಣ್ಣು ಸರಿಯಾದ ಮೇಲೆ ಮತ್ತೊಮ್ಮೆ ನೋಡಬೇಕು ಅಂತ ಇತ್ತಂತೆ. ಅವರ ಹೆಜ್ಜೆಗೆ ನಾನು ಓಡಬೇಕಾಗಿತ್ತು.

ಹಿಂದಿನ ಸಂಜೆ ನಾನೇ ಕಣ್ಣಾರೆ ಕಂಡಿದ್ದೆ, ಒಂದು ಕಾಲಿನಲ್ಲಿ ನಿಂತಿತ್ತು. ಈಗ ದಿಬ್ಬದ ಸುತ್ತ ಬಿರುಕು ಬಿಟ್ಟ ಕೆಸರು, ನಾವು ಸುರಿದ ನೀರಿನ ಒಂದು ತಟ್ಟೆಯಷ್ಟು ತೇವ, ಮತ್ತೆ ಗರಿಗಳು. ದಡದಿಂದ ದಿಬ್ಬಕ್ಕೆ ಸಣ್ಣ ಸಣ್ಣ ಹೆಜ್ಜೆ, ದಿಬ್ಬದಿಂದ ದಡಕ್ಕೆ ಎಳೆದುಕೊಂಡು ಹೋದ ಗುರುತು.

ಅರ್ಬಾಬ್ ಹೊಸ ಕಣ್ಣುಗಳಿಂದ ಮೊದಲು ದೂರ ನೋಡಿದರು, ಆಮೇಲೆ ಹತ್ತಿರ. ಬಗ್ಗಿ ನನ್ನ ಮುಖಕ್ಕೆ ಮುಖ ತಂದು ತುಂಬ ಮೆತ್ತಗೆ ಹೇಳಿದರು:

“ಮಾಫಿ.”

ಆ ಶಬ್ದದ ಅರ್ಥ ನನಗೆ ಆಗ ಚೆನ್ನಾಗಿ ಗೊತ್ತಿತ್ತು. ಆದರೂ ಆ ಕ್ಷಣ ನನ್ನ ಕಿವಿ ಊರಿನ ಕಿವಿಯಾಯಿತು. ಇಷ್ಟು ದೊಡ್ಡವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ ಎಂದುಕೊಂಡೆ. ಪರವಾಗಿಲ್ಲ ಎಂದು ತಲೆಯಾಡಿಸಿದೆ.

ಉಪ್ಪನ ವೀಸಾಕ್ಕೆ ಏನೂ ಆಗಲಿಲ್ಲ. ಮುದೀರ್ ಹೆಚ್ಚು ಓಡಿದ ಪಂಪಿನ ಮಾತು ಹೇಳಿದಾಗ ಅರ್ಬಾಬ್ “ಒಂದು ಗಂಟೆಯೇ? ಎರಡು ಗಂಟೆ ಬಿಡಬೇಕಿತ್ತು” ಎಂದರಂತೆ, ಅಷ್ಟೇ. ಅಂದರೆ ಮೊದಲ ದಿನವೇ ಹೇಳಬಹುದಿತ್ತು. ಉಪ್ಪ ಹೇಳಬಹುದಿತ್ತು, ನಾನು ಹೇಳಬಹುದಿತ್ತು. ಪೈಪಿನ ಗೇಟು ಮಾತ್ರ ಮತ್ತೆ ತೆರೆಯಲಿಲ್ಲ. ಮೇವಿನ ಬೀಜ ಬಿತ್ತಿ ಆಗಿತ್ತು, ಇನ್ನು ಯಾರಿಗಾಗಿ ತೆರೆಯುವುದು?

ನಾನು ಈಗ ನಲವತ್ತರ ಹತ್ತಿರ ಇದ್ದೇನೆ. ಮದುವೆಯಾಗಿ ಇದೇ ದೇಶಕ್ಕೆ ಬಂದು, ದೋಹಾದ ಮದೀನತ್ ಖಲೀಫಾದ ಒಂದು ಕೋಣೆಯಲ್ಲಿ ಶುರು ಮಾಡಿ, ಇವತ್ತು ಅಲ್ ಗರಾಫಾದಲ್ಲಿ ಸ್ವಂತ ಗೋದಾಮು ಇಟ್ಟುಕೊಂಡಿದ್ದೇನೆ. ಈ ದೇಶ ಬಿಟ್ಟು ಹೋಗುವವರ ಸೋಫಾ, ಮಂಚ, ಫ್ರಿಜ್ಜು ಕೊಂಡು ಹೊಸದಾಗಿ ಬರುವವರಿಗೆ ಮಾರುವುದು ನನ್ನ ಕಸುಬು. ನಮ್ಮವರ ಸಮಾರಂಭಗಳಲ್ಲಿ ಭಾಷಣ ಮಾಡುವವರು ನಮ್ಮನ್ನೆಲ್ಲ ವಲಸೆ ಹಕ್ಕಿಗಳು ಎನ್ನುತ್ತಾರೆ. ನನಗೆ ನಗು ಬರುತ್ತದೆ. ಹಕ್ಕಿ ಹೋಗುವಾಗ ಸೋಫಾ ಮಾರುವುದಿಲ್ಲ. ಮಾರಲು ಬಂದವರಿಗೆ ಅವರು ಕೇಳಿದ ಬುದ್ಧಿಯನ್ನೂ ಕೇಳದ ಬುದ್ಧಿಯನ್ನೂ ಹೇಳಿ ಕಳಿಸುತ್ತೇನೆ. ಮಕ್ಕಳನ್ನು ಪರದೇಶಕ್ಕೆ ಕರೆದುಕೊಂಡು ಹೋಗುವವರಿಗೆ ಒಂದೇ ಮಾತು: ನಮಸ್ಕಾರ, ಧನ್ಯವಾದ ಆಮೇಲೆ ಕಲಿಸಿ. ಮೊದಲು ಉಂಟು, ಇಲ್ಲ ಕಲಿಸಿ.

ಆದರೆ ಆ ಬುದ್ಧಿಯೂ ಈಗ ಯಾರಿಗೂ ಬೇಕಾಗಿಲ್ಲ. ಇಲ್ಲಿ ಹುಟ್ಟಿದ ನನ್ನ ಮಗಳಿಗೆ ಫೀ, ಮಾಫಿ ತೊಟ್ಟಿಲಿನಲ್ಲೇ ಬಂತು. ಅವಳಿಗೆ ಗೊತ್ತಿಲ್ಲದ್ದು ನಮ್ಮ ಮಾಫಿ. ನನ್ನಂಥ ತಪ್ಪು ಇನ್ನು ಯಾರೂ ಮಾಡಲಾರರು, ಅಂಥ ತಪ್ಪು ಮಾಡುವಷ್ಟು ಕನ್ನಡ ಯಾವ ಮಗುವಿನ ಬಾಯಲ್ಲೂ ಉಳಿದಿಲ್ಲ.

ಕಳೆದ ನವೆಂಬರಿನಲ್ಲಿ ಅಲ್ ಶಮಾಲಿನಿಂದ ಒಂದು ಫ್ರಿಜ್ಜು ತರುವುದಿತ್ತು. ಬೆಳಗಿನ ಮಂಜು. ಮಗಳು ಪಕ್ಕದ ಸೀಟಿನಲ್ಲಿದ್ದಳು, ದಾರಿಯುದ್ದಕ್ಕೂ ಅವಳಿಗೆ ಈ ಕಥೆ ಹೇಳಿದೆ. “ಅಂದ್ರೆ ಮಾಫಿ ಅಂದ್ರೆ ಸಾರಿ ಅಂತಾನೂ ಇತ್ತಾ ಮಮ್ಮೀ? ಫನ್ನಿ!” ಎಂದಳು. ತೋಟದ ತಿರುವು ಕಂಡಿತು, ಗಾಡಿ ತಾನಾಗಿ ತಿರುಗಿದ ಹಾಗೆ ತಿರುಗಿಸಿದೆ. ಖರ್ಜೂರದ ಮರಗಳಿಲ್ಲ. ಹಿಂದಿನ ತಗ್ಗನ್ನು ಮಣ್ಣು ತುಂಬಿ ಮಟ್ಟ ಮಾಡಿ ಕಾಂಪೌಂಡ್ ಎಬ್ಬಿಸಿದ್ದಾರೆ, ಒಳಗೆ ಕಬ್ಬಿಣದ ಪೈಪುಗಳ ರಾಶಿ. ಬೇರೆ ಕಡೆ ಕೊಳಗಳಾಗಿವೆಯಂತೆ, ಹಕ್ಕಿಗಳು ಬರುತ್ತವಂತೆ, ಜನ ಕ್ಯಾಮೆರಾ ಹಿಡಿದು ಹೋಗುತ್ತಾರಂತೆ. ಹೋಗಲಿ. ಬರುವವು ಯಾವುವೂ ಸೌಟಿನ ಮಕ್ಕಳಲ್ಲ.

ಉಪ್ಪ ಈಗಿಲ್ಲ. ಅರ್ಬಾಬ್ ಅವರಿಗಿಂತ ಮುಂಚೆಯೇ ಹೋದರು. ಕಿಟಕಿ ಇಳಿಸಿದೆ. ಮಂಜಿನಲ್ಲಿ ಜೊಂಡಿನ ವಾಸನೆ ಎಲ್ಲಾದರೂ ಇದೆಯೇ ಎಂದು ಮೂಗು ಚಾಚಿದೆ. ಬರೀ ಡೀಸೆಲ್ಲು.

ಗೇಟಿನ ಕಾವಲುಗಾರ ಮಫ್ಲರ್ ಸುತ್ತಿಕೊಂಡು ಹತ್ತಿರ ಬಂದ. ಇಷ್ಟು ಹೊತ್ತಿನಲ್ಲಿ ಗಾಡಿ ನಿಲ್ಲಿಸಿಕೊಂಡು ಗೋಡೆ ನೋಡುತ್ತಿರುವ ಹೆಂಗಸು ಯಾರೆಂದು ಅವನಿಗೆ ಅನುಮಾನ.

“ಶೂ ಫೀ, ಮೇಡಂ?” ಎಂದ. ಏನು ಇದೆ ಇಲ್ಲಿ?

“ಮಾಫಿ,” ಎಂದೆ.

ಅವನು ಹೋದ. ಮಗಳು ಫೋನಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು.

“ಮಮ್ಮೀ, ಈಗ ಹೇಳಿದ್ದು ಯಾವ ಮಾಫಿ?”

ನಾನು ಗಾಡಿಯನ್ನು ಹಿಂದಕ್ಕೆ ತೆಗೆದೆ.